ಪೆಟ್ಟಿಗೆ ಮಾವನ ಮಿಕ್ಸರ್

ನಮ್ಮಣ್ಣ ಅತ್ತಿಗೆಯನ್ನು ಒಂದು ಸಲವೂ ವಿಮಾನ ಹತ್ತಿಸಿದವನಲ್ಲ. ತನ್ನ ಮಿಕ್ಸರನ್ನು ಮಾತ್ರ ಹದಿನೇಳು ದೇಶ ಸುತ್ತಿಸಿಕೊಂಡು ಬಂದಿದ್ದಾನೆ.

ನಾವು ಅಣ್ಣ ತಂಗಿ ಇಬ್ಬರೂ ಒಬ್ಬ ಗಾಯಕಿಯ ತಂಡದಲ್ಲಿ ಸೌಂಡ್ ಕೆಲಸದವರು. ಸಭೆಗೆ ಕೇಳಿಸುವ ಸದ್ದು ಅವನದು. ಸಭಾಂಗಣದ ನಟ್ಟನಡುವೆ, ಹಾಡು ವಾದ್ಯಗಳ ಸದ್ದನ್ನು ಹದವಾಗಿ ಬೆರೆಸುವ ಸಾಲುಸಾಲು ಗುಂಡಿಗಳ ಮಿಕ್ಸರಿನ ಮುಂದೆ ಮಹಾರಾಜನ ಹಾಗೆ ಕೂತಿರುತ್ತಾನೆ. ವೇದಿಕೆಯ ಮೇಲಿರುವವರಿಗೆ ತಮ್ಮ ದನಿ ತಮಗೆ ಕೇಳಿಸಬೇಕಲ್ಲ, ಆ ಪುಟ್ಟ ಸ್ಪೀಕರುಗಳ ಕೆಲಸ ನನ್ನದು. ಪರದೆಯ ಪಕ್ಕದ ಕತ್ತಲಲ್ಲಿ ಸ್ಟೂಲಿನ ಮೇಲೆ ಕೂತಿರುತ್ತೇನೆ. ಹನ್ನೊಂದು ವರ್ಷದಿಂದ ಇದೇ ಏರ್ಪಾಡು.

ಈಗ ಯಾವ ದೇಶದ ಯಾವ ಸಭಾಂಗಣಕ್ಕೆ ಹೋದರೂ ಅಲ್ಲೊಂದು ಒಳ್ಳೆಯ ಮಿಕ್ಸರ್ ಇದ್ದೇ ಇರುತ್ತದೆ. ಬೇರೆ ತಂಡಗಳ ಸೌಂಡಿನವರು ತಮ್ಮ ಗುಂಡಿಗಳ ಅಳತೆಯನ್ನೆಲ್ಲ ತುಂಬಿದ ಪೆನ್ ಡ್ರೈವೊಂದನ್ನು ಜೇಬಿನಲ್ಲಿ ಹಾಕಿಕೊಂಡು ಕೈಬೀಸಿಕೊಂಡು ಬರುತ್ತಾರೆ. ನಮ್ಮಣ್ಣನಿಗೆ ಅದು ಆಗದು. "ಬೇರೆಯವ್ರ ಮಿಕ್ಸರ್ ಮುಟ್ಟೋದೂ ಒಂದೇ, ಬೇರೆಯವ್ರ ಹಲ್ಲುಜ್ಜೋ ಬ್ರಷ್ ಬಾಯಿಗಿಟ್ಕೊಳ್ಳೋದೂ ಒಂದೇ" ಎನ್ನುತ್ತಾನೆ. ಹಾಗಾಗಿ ಹೋದಲ್ಲೆಲ್ಲ ನೂರಾ ಮೂವತ್ತು ಕಿಲೋ ತೂಕದ ಪೆಟ್ಟಿಗೆ ನಮ್ಮ ಬೆನ್ನ ಹಿಂದೆ. ಪ್ಲೈವುಡ್ಡಿನ ಮೈ, ಅಲ್ಯೂಮಿನಿಯಂ ಅಂಚು, ಕೆಳಗೆ ನಾಲ್ಕು ಗಾಲಿ, ಒಳಗೆ ಹಾಸಿಗೆಯಷ್ಟು ದಪ್ಪ ಸ್ಪಂಜು. ಇದು ಮಾರುವ ಸರಕಲ್ಲ, ಬಂದ ದಾರಿಯಲ್ಲೇ ವಾಪಸ್ ಒಯ್ಯುತ್ತೇವೆ ಎಂದು ಪ್ರತಿ ಗಡಿಯಲ್ಲೂ ಸುಂಕದವರಿಂದ ಮುದ್ರೆ ಒತ್ತಿಸಿಕೊಳ್ಳಲು ಒಂದು ಕಾಗದದ ಕಟ್ಟು ಬೇರೆ. ಆ ಕಟ್ಟನ್ನು ಅವನು ಮದುವೆಯ ಲಗ್ನಪತ್ರಿಕೆಯಂತೆ ಎದೆಗವಚಿಕೊಂಡು ಓಡಾಡುವುದನ್ನು ನೋಡಿ ಗಾಯಕಿಯ ಮಕ್ಕಳು ಅವನಿಗೆ ಪೆಟ್ಟಿಗೆ ಮಾವ ಎಂದು ಹೆಸರಿಟ್ಟರು. ಅವರು ಗೇಲಿ ಮಾಡಿದ್ದು. ಇವನು ಅದನ್ನೂ ಬಿರುದು ಎಂದುಕೊಂಡ.

ಈ ಸಲದ ಪ್ರವಾಸದಲ್ಲಿ ಐದು ಊರು. ಮೊದಲೆರಡು ಸುಸೂತ್ರವಾಗಿ ಮುಗಿದವು. ಮೂರನೆಯ ಊರಿಗೆ ಹೋಗುತ್ತಿದ್ದದ್ದು ಸಣ್ಣ ವಿಮಾನ. ಸರಕು ಕೌಂಟರಿನ ಗುಮಾಸ್ತ ಅಳತೆ ಟೇಪು ಹಿಡಿದು ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದು ಹೋಗಲ್ಲ. ವಿಮಾನದ ಬಾಗಿಲಿಗಿಂತ ನಾಲ್ಕು ಬೆರಳು ಎತ್ತರ ಇದೆ" ಎಂದ.

ಆ ನಾಲ್ಕು ಬೆರಳು ಅಣ್ಣನದೇ ಕೈಚಳಕ. ಹೋದ ವರ್ಷ ತನ್ನ ವೈರುಗಳಿಗೆಂದು ಪೆಟ್ಟಿಗೆಯ ತಳಕ್ಕೆ ಒಂದು ಡ್ರಾಯರ್ ಕೂಡಿಸಿ, ಬಂದವರಿಗೆಲ್ಲ ಎಳೆದೆಳೆದು ತೋರಿಸಿದ್ದ.

"ಮಲಗಿಸಿ ತಳ್ರಿ ಹಾಗಾದ್ರೆ," ಎಂದ ಅಣ್ಣ.

ಗುಮಾಸ್ತ ಪೆಟ್ಟಿಗೆಯ ನಾಲ್ಕೂ ಬದಿಗೆ ಅಂಟಿಸಿದ್ದ ಕೆಂಪು ಚೀಟಿಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿದ. ಬಾಣದ ಗುರುತು, 'ಮಲಗಿಸಕೂಡದು' ಎಂಬ ಬರಹ. ಅಂಟಿಸಿದವನೂ ಅಣ್ಣನೇ. ಇಂಗು ತಿಂದ ಮಂಗನ ಮುಖ ಎಂದರೆ ಏನೆಂದು ನನಗೆ ಅವತ್ತು ಸರಿಯಾಗಿ ಅರ್ಥವಾಯಿತು. ಪೆಟ್ಟಿಗೆ ಅಲ್ಲೇ ಉಳಿಯಿತು. ದೊಡ್ಡ ಸರಕು ವಿಮಾನದಲ್ಲಿ ನೇರವಾಗಿ ನಾಲ್ಕನೆಯ ಊರಿಗೆ ಕಳಿಸುತ್ತೇವೆ ಎಂದರು.

ನಾನು ಒಳಗೊಳಗೇ ಖುಷಿಪಟ್ಟೆ, ಸುಳ್ಳೇಕೆ ಹೇಳಲಿ. ಒಂದು ದಿನವಾದರೂ ಉಳಿದ ಮನುಷ್ಯರ ಹಾಗೆ ಕೆಲಸ ಮಾಡಲಿ ಅನ್ನಿಸಿತು.

ಮೂರನೆಯ ಊರಿನ ಸಭಾಂಗಣದ ಸೌಂಡು ನೋಡಿಕೊಳ್ಳುವವಳು ನೆರೆಗೂದಲಿನ ಹೆಂಗಸು. ಇಪ್ಪತ್ತೆಂಟು ವರ್ಷದಿಂದ ಅದೇ ಕುರ್ಚಿ. ಅಲ್ಲಿಯ ಮಿಕ್ಸರ್ ಬೇರೆ ಕಂಪನಿಯದು, ನಮ್ಮ ಪೆನ್ ಡ್ರೈವಿನಲ್ಲಿರುವುದನ್ನು ಅದು ಓದುವುದಿಲ್ಲ. ಆಕೆ ತಾನೇ ಪಕ್ಕದಲ್ಲಿ ಕೂತು ನೆರವಾಗುತ್ತೇನೆ ಎಂದಳು. ಅಣ್ಣ ಆ ಯಂತ್ರವನ್ನು ಯಾರೋ ಎಂಜಲು ಮಾಡಿಟ್ಟ ತಟ್ಟೆಯಂತೆ ನೋಡಿದ.

"ಇಪ್ಪತ್ತೆಂಟು ವರ್ಷ ಒಂದೇ ಕೋಣೇಲಿ ಕೂತೋರಿಗೆ ಸೌಂಡ್ ಅಂದ್ರೆ ಏನ್ ಗೊತ್ತಿರುತ್ತೆ?" ಎಂದು ನಮ್ಮ ಭಾಷೆಯಲ್ಲಿ ನನಗೆ ಹೇಳಿ, ಆಕೆಗೆ ಹಲ್ಲು ಕಿರಿದ.

ಮಧ್ಯಾಹ್ನ ತಾಲೀಮು. ಗಾಯಕಿ ಹಾಡಿದರೆ ಒಂದೊಂದು 'ಸ'ಕಾರವೂ ಬಿಸಿ ಹೆಂಚಿನ ಮೇಲೆ ನೀರು ಚಿಮುಕಿಸಿದಂತೆ ಸಿಡಿಯುತ್ತಿತ್ತು. ಕೊಳಲು ಕಿವಿಗೆ ಸೂಜಿಯಾಗಿ ಇಳಿಯುತ್ತಿತ್ತು. ಆ ಹೆಂಗಸು ಮೆಲ್ಲಗೆ ಏನೋ ಹೇಳಿದಳು, ಒಂದು ಗುಂಡಿಯ ಕಡೆ ಕೈ ತೋರಿಸಿದಳು. ಅಣ್ಣ ಅವಳ ಮಾತು ಕಿವಿಗೆ ಹಾಕಿಕೊಳ್ಳದೆ ಅದೇ ಗುಂಡಿಯನ್ನು ಇನ್ನಷ್ಟು ಮೇಲಕ್ಕೆ ತಿರುಗಿಸಿದ. ಹೊಸ ಯಂತ್ರದ ಮೇಲಿನ ಸಿಟ್ಟು ಇರಬೇಕು, ಸಂಜೆಗೆ ಸರಿ ಹೋಗುತ್ತಾನೆ ಎಂದುಕೊಂಡೆ.

ಸಂಜೆ ಎರಡನೆಯ ಹಾಡಿಗೇ ಶುರುವಾಯಿತು. ಮೊದಲು ಸೊಳ್ಳೆಯಷ್ಟು ಸಣ್ಣಗೆ, ಆಮೇಲೆ ಹಲ್ಲು ಜುಮ್ಮೆನ್ನುವ ಹಾಗೆ, ಸ್ಪೀಕರಿನಿಂದ ಒಂದು ಶಿಳ್ಳೆ. ನಾನು ನನ್ನ ಕಡೆಯ ಗುಂಡಿಗಳನ್ನೆಲ್ಲ ಇಳಿಸಿ ನೋಡಿದೆ, ನನ್ನದಲ್ಲ. ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು. ಗಾಯಕಿ ಹಾಡುತ್ತಲೇ ನನ್ನತ್ತ ಕಣ್ಣು ಕೆಂಪಗೆ ಮಾಡಿದರು. ನಾನು ಗೋಡೆ ಬದಿಯಿಂದ ಓಡಿದೆ.

ಅಣ್ಣ ಕಣ್ಣು ಅರೆಮುಚ್ಚಿ, ಬೆರಳಿನಿಂದ ತಾಳ ಹಾಕುತ್ತ ಕೂತಿದ್ದ. ಮುಖದಲ್ಲಿ ಮುಗುಳ್ನಗು. ಪಕ್ಕದಲ್ಲಿ ಆ ಹೆಂಗಸು ತನ್ನ ಕೈಯನ್ನು ತಾನೇ ಹಿಡಿದುಕೊಂಡು ಚಡಪಡಿಸುತ್ತಿದ್ದಳು.

"ಅಣ್ಣಾ, ಕೇಳಿಸ್ತಿಲ್ವಾ?"

"ಏನು?"

"ಶಿಳ್ಳೆ ಕಣೋ! ಹಾಲ್ ಪೂರ್ತಿ ಕಿವಿ ಮುಚ್ಕೊಂಡು ಕೂತಿದೆ."

"ನಿನ್ ಸ್ಪೀಕರ್ರೇ ಇರ್ಬೇಕು. ಹೋಗಿ ನೋಡ್ಕೋ. ಇಲ್ಲೇನೂ ಇಲ್ಲ."

ನಾನು ಅವನ ಭುಜದ ಮೇಲಿಂದ ಕೈ ಚಾಚಿ ಆ ಗುಂಡಿಯನ್ನು ಇಳಿಸಿದೆ. "ಮುಟ್ಬೇಡ!" ಎಂದು ನನ್ನ ಮಣಿಕಟ್ಟು ಹಿಡಿದ. ಅಷ್ಟರಲ್ಲಿ ಮುಂದಿನ ಸಾಲಿನವರು ಕಿವಿಯಿಂದ ಕೈ ತೆಗೆದರು. ಆಮೇಲೆ ಅವರ ಹಿಂದಿನ ಸಾಲಿನವರು. ಅಣ್ಣ ಅದನ್ನು ನೋಡಿದ. ಶಿಳ್ಳೆ ನಿಂತದ್ದು ಅವನಿಗೆ ಗೊತ್ತಾದದ್ದು ಆ ಕೈಗಳಿಂದ. ನನ್ನ ಮಣಿಕಟ್ಟು ಬಿಟ್ಟ. ಉಳಿದ ಹಾಡುಗಳನ್ನು ಆ ನೆರೆಗೂದಲಿನ ಹೆಂಗಸೇ ನಡೆಸಿದಳು. ಎಷ್ಟು ಚೆನ್ನಾಗಿ ನಡೆಸಿದಳೆಂದರೆ ನನಗೆ ನಾಚಿಕೆಯಾಯಿತು.

ಮರುದಿನ ಬೆಳಗ್ಗೆ ಕಾಫಿ ಹಿಡಿದು ಅವನ ಕೋಣೆಗೆ ಹೋದೆ. ರಾಗ ಶುರುವಾಗೇ ಇತ್ತು. ಆ ಡಬ್ಬಾ ಯಂತ್ರ, ಆ ಡಬ್ಬಾ ಸಭಾಂಗಣ, ಸದ್ದು ಮಾರ್ದನಿಸದ ಹಾಗೆ ಗೋಡೆಗೆ ಬಟ್ಟೆ ಕಟ್ಟುವಷ್ಟೂ ಬುದ್ಧಿ ಇಲ್ಲದ ಜನ.

"ಅಣ್ಣಾ, ಒಂದು ಸಣ್ಣ ಪರೀಕ್ಷೆ. ಫೋನಲ್ಲಿ ಸ್ವರ ಹಾಕ್ತೀನಿ. ಕೇಳಿಸಿದ್ರೆ ಹೂಂ ಅನ್ನು."

"ಇವಳೊಬ್ಳು ಡಾಕ್ಟ್ರು ಬಂದ್ಲು," ಎಂದ. ಆದರೂ ಕೂತ.

ದಪ್ಪ ಸ್ವರಕ್ಕೆ ಹೂಂ ಎಂದ. ನಡುವಿನದಕ್ಕೂ ಹೂಂ. ಇನ್ನೂ ಮೇಲಕ್ಕೆ ಹೋದೆ, ಹೂಂ. ಆಮೇಲೆ ಫೋನಿನ ಸದ್ದನ್ನು ಪೂರಾ ಆರಿಸಿ ಅವನ ಕಿವಿಯ ಹತ್ತಿರ ಹಿಡಿದೆ.

"ಹೂಂ. ಚೆನ್ನಾಗೇ ಕೇಳಿಸ್ತಿದೆ."

ಫೋನು ತಿರುಗಿಸಿ, ಸದ್ದು ಸೊನ್ನೆಯಲ್ಲಿರುವುದನ್ನು ತೋರಿಸಿದೆ. ಅವನು ಅದನ್ನೇ ನೋಡುತ್ತ ಕೂತ. ನನಗೆ ಅಯ್ಯೋ ಅನ್ನಿಸಲಿಲ್ಲ. ನಖಶಿಖಾಂತ ಉರಿಯಿತು.

"ಎಷ್ಟು ದಿನದಿಂದ?"

"ನಾಲ್ಕು ವರ್ಷ."

"ಅದಕ್ಕೇನಾ ಶಿಳ್ಳೆ ಹುಡುಕೋದನ್ನೆಲ್ಲ ಚಿಲ್ಲರೆ ಕೆಲಸ ಅಂತ ನನ್ ತಲೆಗೆ ಕಟ್ತಿದ್ದೆ?"

ಅವನು ಕಾಫಿ ಲೋಟ ತಿರುಗಿಸುತ್ತ ಹೇಳಿದ: "ಪ್ರತಿ ಹಾಡಿಗೂ ಯಾವ ಗುಂಡಿ ಎಲ್ಲಿರ್ಬೇಕು ಅಂತ ಕಿವಿ ಚೆನ್ನಾಗಿದ್ದಾಗ್ಲೇ ನನ್ ಮಿಕ್ಸರಲ್ಲಿ ಉಳಿಸಿಟ್ಟಿದೀನಿ ಕಣೇ. ಹಾಡು ಬದಲಾದಾಗ ಒಂದು ಗುಂಡಿ ಒತ್ತಿದ್ರೆ ಮುಗೀತು. ಗುಂಡಿಗಳ ಪಕ್ಕದ ದೀಪ ನೋಡ್ಕೊಂಡು ಕೂತ್ಕೋತೀನಿ."

ಹನ್ನೊಂದು ವರ್ಷದಿಂದ ಎಲ್ಲರ ಮುಂದೆ ಮೂಗು ಮುರಿದದ್ದು, ಗಡಿ ಗಡಿಯಲ್ಲಿ ಮುದ್ರೆಗೆ ಕಾದದ್ದು, ಆಳುಗಳ ಸೊಂಟ ಮುರಿದದ್ದು ಎಲ್ಲ ನೆನಪಾಯಿತು. ಈ ನಾಲ್ಕು ವರ್ಷ ಆ ಪೆಟ್ಟಿಗೆಯಲ್ಲಿ ಅವನು ದೇಶದಿಂದ ದೇಶಕ್ಕೆ ಹೊರಿಸಿದ್ದು ತನ್ನ ಹಳೆಯ ಕಿವಿಯನ್ನು. ಬಾಯಿಬಿಟ್ಟು ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು?

"ಮೇಡಂಗೆ ಇವತ್ತು ಸಂಜೆಯೊಳಗೆ ನೀನೇ ಹೇಳ್ತೀಯ. ಇಲ್ಲ ಅಂದ್ರೆ ನಾನು ಹೇಳ್ತೀನಿ."

ಹೇಳಿದ, ಅವನ ರೀತಿಯಲ್ಲಿ. ಅವತ್ತೇ ಸಂಜೆ ನಾಲ್ಕನೆಯ ಊರಿನ ಹೋಟೆಲಿನಲ್ಲಿ ಗಾಯಕಿಯ ಮುಂದೆ ಕೂತು, ಕಾಲ ಮೇಲೆ ಕಾಲು ಹಾಕಿ, "ಮೇಡಂ, ಇನ್ಮೇಲೆ ತಂಗೀನ ಮಿಕ್ಸರ್ ಮುಂದೆ ಕೂರಿಸ್ತೀನಿ. ಎಷ್ಟು ದಿನ ಅಂತ ಮೂಲೇಲಿರ್ತಾಳೆ? ಕಲೀಲಿ ಪಾಪ" ಎಂದ.

ನನ್ನ ಕೈಯಲ್ಲಿ ನೀರಿನ ಬಾಟಲಿ ಇತ್ತು. ಅವನ ತಲೆಗೆ ಹಾಕಲಿಲ್ಲ, ಅದೇ ದೊಡ್ಡದು. "ಮೇಡಂ, ಅಣ್ಣನಿಗೆ ಮೇಲಿನ ಸ್ವರ ಕೇಳಿಸಲ್ಲ. ನಾಲ್ಕು ವರ್ಷ ಆಯ್ತಂತೆ," ಎಂದೆ.

ಗಾಯಕಿ ಅವನತ್ತ ತಿರುಗಿ ಕೇಳಿದರು: "ಹಾಗಾದ್ರೆ ಇಷ್ಟು ದಿನ ನನ್ನ ದನೀನ ಕೇಳ್ತಿದ್ದೋರು ಯಾರು?"

ಅವನು ಕಾಲು ಕೆಳಗಿಳಿಸಿದ. "ಯಾರೂ ಇಲ್ಲ, ಮೇಡಂ," ಎಂದ.

ಅವರು ಅವನನ್ನು ತಂಡದಿಂದ ತೆಗೆಯಲಿಲ್ಲ. ಊರಿಗೆ ಹೋದ ವಾರದೊಳಗೆ ಕಿವಿಯ ಡಾಕ್ಟರನ್ನು ನೋಡಬೇಕು, ಮಿಕ್ಸರಿನ ಮುಂದೆ ನಾನು, ನನ್ನ ಜಾಗಕ್ಕೆ ಹೊಸಬರು ಸಿಗುವತನಕ ಸ್ಥಳೀಯರು, ಸಾಗಾಟದ ಜವಾಬ್ದಾರಿ ಅವನದು ಎಂದರು. ಅವನು ತಲೆಯಾಡಿಸಿದ. ಕೋಣೆಯಿಂದ ಹೊರಬರುವಾಗ, "ಸಾಗಾಟ ಅಂದ್ರೆ ಸುಮ್ನೆ ಅಲ್ಲ," ಎಂದ ನನಗೆ.

ಮಿಕ್ಸರ್ ಬಂದಿತ್ತು. ಮರುದಿನ ಮಧ್ಯಾಹ್ನ ಸಭಾಂಗಣದಲ್ಲಿ ಮೊದಲ ಹಾಡಿಗೆ ಅವನು ಉಳಿಸಿಟ್ಟಿದ್ದನ್ನು ತೆರೆದು ಕೇಳಿದೆ. ನಾಲ್ಕು ವರ್ಷದಲ್ಲಿ ಗಾಯಕಿಯ ದನಿಯೂ ಮಾಗಿದೆ, ತುಸು ಒರಟಾಗಿದೆ. ಅದು ಆ ಹಳೆಯ ಅಳತೆಯ ಅಂಗಿಯೊಳಗೆ ಉಸಿರುಗಟ್ಟಿ ಹಾಡುತ್ತಿತ್ತು. ಒಂದೊಂದೇ ಗುಂಡಿಯನ್ನು ಸರಿಸುತ್ತ ಹೋದೆ. ಹದಿನಾಲ್ಕು ಹಾಡು, ಮೂರು ಗಂಟೆ. ಅಣ್ಣ ಪಕ್ಕದ ಕುರ್ಚಿಯಲ್ಲಿ ಕೂತು ದೀಪಗಳು ತನಗೆ ಗೊತ್ತಿಲ್ಲದ ಜಾಗಕ್ಕೆ ಹೋಗುವುದನ್ನು ನೋಡುತ್ತಿದ್ದ.

ಸಂಜೆ ಕಛೇರಿ ಅರ್ಧ ದಾಟಿದಾಗ ಅವನು ನನ್ನತ್ತ ಬಾಗಿದ.

"ಡ್ರಮ್ ಊದ್ಕೊಂಡಿದೆ. ಕೆಳಗಿನ ಸ್ವರ ಜಾಸ್ತಿ ಆಯ್ತು. ಇಷ್ಟೂ ಗೊತ್ತಾಗಲ್ವಾ ನಿನಗೆ?"

ಕಿವಿಗೊಟ್ಟೆ. ಹೌದು, ಊದಿಕೊಂಡಿತ್ತು. ಕೆಳಗಿನ ಸ್ವರ ಅವನಿಗೆ ನನಗಿಂತ ಚೆನ್ನಾಗಿಯೇ ಕೇಳಿಸುತ್ತದೆ. ತುಸು ಇಳಿಸಿದೆ.

"ಇನ್ನೂ ಸ್ವಲ್ಪ," ಎಂದ.

ಇನ್ನೂ ಸ್ವಲ್ಪ ಇಳಿಸಿದೆ. ಅವನ ಮುಖ ನೋಡಲಿಲ್ಲ. ನೋಡಿದ್ದರೆ ಆ ಜಂಬಕ್ಕೆ ಮತ್ತೆ ರೆಕ್ಕೆ ಬರುತ್ತಿತ್ತು.