ಸೋತ ಆಮೆಯ ಅಂಗಳ

ಒಂದು ದೊಡ್ಡ ಕೆರೆಯ ದಂಡೆಯಲ್ಲಿ ಪ್ರಾಣಿಗಳ ರಾಜ್ಯವೊಂದಿತ್ತು. ಅದಕ್ಕೊಂದು ಶಾಸನಸಭೆಯೂ ಇತ್ತು. ತಗ್ಗಿನ ಸೀಮೆಯಿಂದ ಮೂರು ಸಲ ಆರಿಸಿಹೋಗಿದ್ದ ಮುದಿ ಆಮೆಯನ್ನು ನಾಲ್ಕನೆಯ ಸಲ ನವಿಲು ಸೋಲಿಸಿತು. ನವಿಲು ಊರೂರಲ್ಲಿ ಕುಣಿದಿತ್ತು; ಆಮೆಗೆ ಕುಣಿಯಲು ಬರುತ್ತಿರಲಿಲ್ಲ.

ಹದಿನೈದು ವರ್ಷಗಳಲ್ಲಿ ಆಮೆ ಸಭೆಯಲ್ಲಿ ಮಾತಾಡಿದ್ದೇ ಕಡಿಮೆ. ಆದರೆ ಆಡಳಿತ ನಡೆಸುತ್ತಿದ್ದ ಆನೆಗಳು ಕೆರೆಗೆ ಬೇಲಿ ಹಾಕಿ ತಮಗೇ ಇಟ್ಟುಕೊಳ್ಳಲು ಹೊರಟಾಗ, ಅದು ಸಭೆಯ ಬಾಗಿಲಲ್ಲಿ ಹೋಗಿ ಕೂತುಬಿಟ್ಟಿತ್ತು. ಬೇಸಿಗೆ ಪೂರ್ತಿ ಏಳಲಿಲ್ಲ. ಕೊನೆಗೆ ಬೇಲಿಯ ಗೂಟಗಳನ್ನು ಆನೆಗಳೇ ಕಿತ್ತವು. ಸೋತ ದಿನವೇ ಅದು ಸರ್ಕಾರಿ ಮನೆ ಬಿಟ್ಟು, ಯಾರನ್ನೂ ದೂರದೆ, ನಡೆದುಕೊಂಡೇ ಊರಿನ ದಾರಿ ಹಿಡಿದಿತ್ತು.

ಗೆದ್ದ ನವಿಲನ್ನು ಒಂದು ಸೋಜಿಗ ಕಾಡುತ್ತಿತ್ತು. ತನ್ನ ಮನೆಗೆ ಹಾರ ಹಿಡಿದವರು ಬರುತ್ತಿದ್ದರು. ಕಷ್ಟ ಹೊತ್ತವರೆಲ್ಲ ಸೋತ ಆಮೆಯ ಅಂಗಳಕ್ಕೆ ಹೋಗುತ್ತಿದ್ದರು. ಅಧಿಕಾರವಿಲ್ಲದ ಮುದುಕಿ ಅವರಿಗೆ ಏನು ತಾನೇ ಕೊಟ್ಟಾಳು?

ಅಷ್ಟರಲ್ಲಿ, ನವಿಲಿನ ಹೆಂಡತಿ ಮೊಟ್ಟೆಗೆ ಕಾವು ಕೂತಿದ್ದ ಬಿದಿರುಮೆಳೆಯನ್ನೇ ಕಡಿಸಲು ಆನೆಗಳು ಆಜ್ಞೆ ಹೊರಡಿಸಿದವು. ನವಿಲು ಸಭೆಯಲ್ಲಿ ಗರಿ ಬಿಚ್ಚಿ ಮಾತಾಡಿತು. ಎಲ್ಲರೂ ಗರಿಯನ್ನು ಹೊಗಳಿದರು. ಆಜ್ಞೆ ಹಾಗೇ ಉಳಿಯಿತು.

ಮರುದಿನ ಬೆಳಿಗ್ಗೆ ನವಿಲು ಆಮೆಯ ಅಂಗಳಕ್ಕೆ ಹೋಗಿ, ಮುಂಗುಸಿ, ಕೊಕ್ಕರೆಗಳ ಹಿಂದೆ ತಲೆ ತಗ್ಗಿಸಿ ಸರದಿಯಲ್ಲಿ ನಿಂತಿತು. ಆಮೆ ಪ್ರತಿಯೊಬ್ಬರ ಮಾತನ್ನೂ ಮುಗಿಯುವತನಕ ಕೇಳುತ್ತಿತ್ತು. ಹೇಳಿಕೊಂಡವರ ಮುಖ ಅಷ್ಟರಿಂದಲೇ ಹಗುರಾಗುತ್ತಿತ್ತು. ನವಿಲು ಬೆರಗಾಗಿ ನೋಡಿತು.

ಅದರ ಸರದಿ ಬಂತು. ಆಮೆಯ ಕಣ್ಣು ಮಂಜಾಗಿತ್ತು. ಎದುರಿಗೆ ನಿಂತವರು ಯಾರೆಂದು ತಿಳಿಯಲಿಲ್ಲ. ಅಹವಾಲನ್ನೆಲ್ಲ ಕೇಳಿ, ಮೆಲ್ಲಗೆ ವಿಚಾರಿಸಿತು.

“ನಿಮ್ಮ ಶಾಸಕರಿಗೆ ಹೇಳಿದೆಯೇನಪ್ಪ?”

ನವಿಲು ನೆಲ ನೋಡಿತು.

“ಹೇಳಿದೆ, ಅಜ್ಜಿ. ಅವರ ಕೈಲಿ ಆಗಲಿಲ್ಲ.”

“ಪಾಪ, ಹೊಸಬರು. ಬಾ, ಹೋಗೋಣ,” ಎಂದು ಆಮೆ ಎದ್ದಿತು.

ಆಮೆಯ ನಡಿಗೆಗೆ ಸಭೆ ಎರಡು ದಿನದ ದಾರಿ. ನವಿಲಿಗಾದರೆ ಒಂದು ಹೊತ್ತು ಸಾಕಿತ್ತು. ಆದರೂ ಅದು ಗರಿ ಮಡಚಿಕೊಂಡು, ಒಂದು ಹೆಜ್ಜೆಯೂ ಮುಂದಾಗದಂತೆ, ಆಮೆಯ ಹಿಂದೆಯೇ ನಡೆಯಿತು.

ಆಮೆ ಬಾಗಿಲಲ್ಲಿ ಕೂತದ್ದನ್ನು ಕಂಡದ್ದೇ ತಡ, ಆನೆಗಳು ಆಜ್ಞೆಯನ್ನು ಹಿಂದಕ್ಕೆ ತೆಗೆದುಕೊಂಡವು. ಸಭೆಯ ಜವಾನನಾಗಿದ್ದ ಕಾಗೆ ಕಾಗದ ಹಿಡಿದು ಹೊರಗೆ ಬಂದು, ತಗ್ಗಿನ ಸೀಮೆಯ ಶಾಸಕರು ಬಂದು ಇದನ್ನು ತೆಗೆದುಕೊಳ್ಳಬೇಕೆಂದು ಮೂರು ಸಲ ಕೂಗಿತು.

ನವಿಲು ಮುಂದೆ ಬರಲಿಲ್ಲ.