ಕಣ್ಣೀರು ತರಿಸದ ಉಳ್ಳಾಗಡ್ಡಿ

ಹೆಂಡತಿ ಮನೆಯಲ್ಲಿಲ್ಲದ ಗಂಡಸಿಗೆ ಅಡಿಗೆಮನೆ ಅಂದರೆ ಪರವೂರೇ ಸರಿ. ಅದರಲ್ಲೂ ಅಣವೀರಪ್ಪನಂಥವನಿಗೆ! ಮಗಳು ನಾಗರತ್ನಾಳ ಬಾಣಂತನಕ್ಕೆಂದು ಮಲ್ಲಕ್ಕ ಬೊರಿವಲಿಗೆ ಹೋದಳು. ಭಾಂಡುಪಿನ ಚಾಳಿನಲ್ಲಿ ಗೋಡೆ ಕಟ್ಟುವ ಈ ಗೌಂಡಿ ಒಬ್ಬನೇ ಉಳಿದ. ಮೊದಮೊದಲು ವಡಾಪಾವ್ ತಿಂದು ಹೊಟ್ಟೆ ಕೆಡಿಸಿಕೊಂಡ. ಆಮೇಲೆ ತಾನೇ ಕಡಲೆಹಿಟ್ಟಿನ ಜುಣಕ ಮಾಡಲು ನಿಂತ.

ಗೂಟಕ್ಕೆ ತೂಗುಹಾಕಿದ್ದ ಸಣ್ಣ ಬುಟ್ಟಿಯಿಂದ ಇದ್ದಬದ್ದ ಉಳ್ಳಾಗಡ್ಡಿಯನ್ನೆಲ್ಲ ತೆಗೆದ. ಬುಡಕ್ಕೆ ಅಂಟಿಕೊಂಡಿದ್ದ ಸಣ್ಣಪುಟ್ಟ ಗಡ್ಡೆಗಳನ್ನೆಲ್ಲ ಕಿತ್ತು, ಸಿಪ್ಪೆಯ ಜೊತೆ ಕಿಟಕಿಯ ಜಾಲರಿಯಲ್ಲಿದ್ದ ಮಣ್ಣು ತುಂಬಿದ ಡಬ್ಬಿಗೆ ಎಸೆದ. ಸಿಪ್ಪೆ, ಅಕ್ಕಿ ತೊಳೆದ ನೀರು ಎರಡೂ ಅಲ್ಲಿಗೇ ಬೀಳಬೇಕೆಂದು ಮಲ್ಲಕ್ಕನ ಕಟ್ಟಪ್ಪಣೆ. ಹೆಚ್ಚುವಾಗ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ತನ್ನ ಕೈಗುಣವೇ ಇರಬೇಕೆಂದು ಹಿಗ್ಗಿದ ಪುಣ್ಯಾತ್ಮ! ಬಾಯಿಗಿಟ್ಟರೆ ಕಹಿ. ನಾಲ್ಕು ತುತ್ತು ನುಂಗಿ, ಹಿಟ್ಟಿನ ಅಂಗಡಿಯವನಿಗೆ ಮನಸಾರೆ ಬೈದು, ಉಳಿದದ್ದನ್ನು ಮೋರಿಗೆ ಸುರಿದ.

ತಿಂಗಳು ಕಳೆದ ಮೇಲೆ ಮಲ್ಲಕ್ಕನ ಫೋನ್ ಬಂತು.

"ನಾಳಿ ಬರ್ತೀನ್ರಿ. ಡಬ್ಬಿ ಮಣ್ಣು ಸಡ್ಲ ಮಾಡಿ ಇಡ್ರಿ. ಸಣ್ಣ ಬುಟ್ಟ್ಯಾಗ ಅವ್ವನ ಸುಗಂಧರಾಜದ ಗಡ್ಡಿ ಒಣಗಾಕ ಇಟ್ಟೀನಿ. ಹಚ್ಚೂ ಹೊತ್ತಾತು."

"ಸಣ್ಣ ಬುಟ್ಟ್ಯಾಗ... ಉಳ್ಳಾಗಡ್ಡಿ ಅಲ್ಲೇನು?"

"ಉಳ್ಳಾಗಡ್ಡಿ ದೊಡ್ಡ ಬುಟ್ಟ್ಯಾಗ ಅದಾವಲ್ರಿ!"

ಅಣವೀರಪ್ಪ ತಲೆ ಎತ್ತಿ ಗೂಟದ ಕಡೆ ನೋಡಿದ. ಪ್ರತಿವರ್ಷ ಥಂಡಿಯಲ್ಲಿ ಎಲೆ ಹಳದಿಯಾದ ಮೇಲೆ ಗಡ್ಡೆ ಕಿತ್ತು, ಈ ಊರಿನ ಹಸಿಗೆ ಕೊಳೆಯದ ಹಾಗೆ ಅವಳು ಗಾಳಿಗೆ ತೂಗುಹಾಕುತ್ತಿದ್ದಳು. ಅವ್ವ ಸತ್ತಳು, ಅಣ್ಣಂದಿರು ಮನೆ ಮಾರಿದರು. ತವರಿನದು ಅಂತ ಮಲ್ಲಕ್ಕನಿಗೆ ಉಳಿದದ್ದು ಆ ಹೂವೊಂದೇ. ಅದನ್ನು ಇವನು ಒಗ್ಗರಣೆಗೆ ಹಾಕಿದ್ದ.

ಕೂತ, ಎದ್ದ. ಬಾಗಿಲಿಗೆ ಹೋದ, ಬುಟ್ಟಿಗೆ ಕೈಹಾಕಿ ತಡಕಾಡಿದ, ಮತ್ತೆ ಬಾಗಿಲಿಗೆ ಹೋದ. ಚಾ ಕಾಯಿಸಿ ಕುಡಿಯುವುದನ್ನೇ ಮರೆತ. ಸ್ಟೇಶನ್ ಹತ್ತಿರದ ನರ್ಸರಿಗೆ ಓಡಿದರೆ ಅಲ್ಲಿದ್ದದ್ದು ದುಂಡಗೆ ದಪ್ಪ ಅರಳುವ ಡಬಲ್ ಜಾತಿ. ಅವ್ವನದು ಒಂದೇ ಸುತ್ತು ಎಸಳಿನದು. ಮೊದಲ ಹೂವಿಗೇ ಕಳ್ಳತನ ಹೊರಬೀಳುತ್ತದೆ. ಬರಿಗೈಲಿ ಬಂದ. ಮಣ್ಣು ಸಡಿಲ ಮಾಡುವ ಮನಸ್ಸು ಯಾರಿಗಿತ್ತು?

ಮರುದಿನ ಮಲ್ಲಕ್ಕ ಹೊಸ್ತಿಲು ದಾಟುವುದೇ ತಡ, ಗಂಡ ಒದರಿಬಿಟ್ಟ: "ನಾ ಆ ಗಡ್ಡಿ ಜುಣಕಾ ಮಾಡಿ ತಿಂದೀನಿ."

ಮಲ್ಲಕ್ಕನ ಕೈಯಿಂದ ಚೀಲ ಜಾರಿತು.

"ತಿಂದ್ರಿ? ಹೊಟ್ಟಿಗೆ ಏನೂ ಆಗ್ಲಿಲ್ಲೇನ್ರಿ?"

"ಬರೇ ಕಹಿ ಆತು."

ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಬೈಯಲಿಲ್ಲ. ನೆಲದ ಮೇಲೆ ಕೂತು ಖಾಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡಳು.

ಬುಟ್ಟಿಯ ತಳ ಸವರುತ್ತ ಕೇಳಿದಳು, "ಮರಿ ಏನ್ ಮಾಡಿದ್ರಿ?"

"ಯಾವ ಮರಿ?"

"ತಾಯಿಗಡ್ಡಿ ಬುಡಕ ಹತ್ತಿರ್ತಾವಲ್ರಿ, ಬಳ್ಳೊಳ್ಳಿ ಎಸಳಿನಂಗ. ತಾಯಿ ಒಮ್ಮೆ ಹೂ ಬಿಟ್ಟ ಮ್ಯಾಲ ಮುಗೀತು. ಮುಂದ ಹೂ ಬಿಡೂವು ಆ ಮರೀನ."

ಅಣವೀರಪ್ಪ ಕಿಟಕಿಯ ಕಡೆ ಬೆರಳು ತೋರಿಸಿದ.

ಮಲ್ಲಕ್ಕ ಎದ್ದು ಹೋಗಿ ಒಣಸಿಪ್ಪೆಯನ್ನು ಬದಿಗೆ ಸರಿಸಿದಳು. ಕೆಲವು ಮರಿ ಕೊಳೆತಿದ್ದವು. ಮೂಲೆಯಲ್ಲಿ ಮೂರು ಮಾತ್ರ ಮಣ್ಣು ಕಚ್ಚಿ ಹಸಿರು ಮೂತಿ ಎತ್ತಿದ್ದವು. ಅವಳ ಕಣ್ಣು ಆಗ ತುಂಬಿ ಬಂತು.

"ಈ ವರ್ಷ ಹೂವಿಲ್ಲ ಬಿಡ್ರಿ. ಮರಿ ಮೊದ್ಲ ಗಡ್ಡಿ ಆಗ್ಬೇಕು," ಎಂದು ಮೂಗೊರೆಸಿಕೊಂಡಳು. ಆಮೇಲೆ ಗಂಡನ ರಟ್ಟೆ ಹಿಡಿದು ಎಳೆದಳು. "ಬರ್ರಿ ಇಲ್ಲಿ. ಮುಟ್ಟಿ ನೋಡಿ ಹೇಳ್ರಿ. ಇದು ಉಳ್ಳಾಗಡ್ಡಿ ಏನು?"

ಸಿಮೆಂಟಿಗೆ ಬಿರಿದ ಬೆರಳಿನಿಂದ ಅಣವೀರಪ್ಪ ಹಸಿರು ತುದಿಯನ್ನು ಮುಟ್ಟಿದ, ಮುಟ್ಟಿ ಕೈ ಹಿಂದೆಗೆದುಕೊಂಡ.

"ಅಲ್ಲ," ಎಂದ. "ನಿಮ್ಮವ್ವ."