ಹಿಡಿದವರೇ ಹೋಗಿ ಹೇಳಬೇಕು

ಸೇತುವೆ ದಾಟಿದರೆ ಸಾಕು, ಪೊಲೀಸರ ರೀತಿನೀತಿಯೇ ಬೇರೆ. ಆ ಕಡೆಯ ಠಾಣೆಯ ಗೋಡೆಗೊಂದು ಕರಿಹಲಗೆ. ಯಾರು ಎಷ್ಟು ಜನರನ್ನು ಹಿಡಿದರೆಂದು ದಿನಾ ಸಂಜೆ ಬರೆಯುತ್ತಿದ್ದರು. ಆರು ವರ್ಷ ಆ ಹಲಗೆಯ ನೆತ್ತಿಯಲ್ಲೇ ಮೆರೆದ ಪೇದೆಯಮ್ಮ ಈ ಕಡೆಗೆ ವರ್ಗವಾಗಿ ಬಂದಳು. ಇಲ್ಲಿ ಹಲಗೆಯಿಲ್ಲ. ಇರುವುದು ಒಂದೇ ಕಟ್ಟಳೆ: ಯಾರನ್ನು ಬಂಧಿಸಿದರೂ, ಬಂಧಿಸಿದವರೇ ಅವರ ಮನೆ ಬಾಗಿಲಿಗೆ ಹೋಗಿ ಹೇಳಬೇಕು. ಫೋನು ಮಾಡಿ ಕೈತೊಳೆದುಕೊಳ್ಳುವಂತಿಲ್ಲ. ಹಾಗಾಗಿ ಲಾಕಪ್ಪು ವಾರಗಟ್ಟಲೆ ಖಾಲಿ. ಕೈಲಾಗದವರ ನೆಪ ಇದು ಎಂದು ಅವಳು ಮೂಗು ಮುರಿದಳು.

ಮೊದಲ ದಿನವೇ ಅದೃಷ್ಟ ಖುಲಾಯಿಸಿತು. ಹಾಡಹಗಲಲ್ಲೇ ಒಬ್ಬ ಹಸಿರು ಬಾಗಿಲಿನ ಸಂದಿಗೆ ಹಾರೆ ತುರುಕಿ ಮೀಟುತ್ತಿದ್ದ.

"ನಮ್ಮನೇನೇ ಮೇಡಂ. ಅಮ್ಮ ಒಳಗಿಂದ ಚಿಲಕ ಹಾಕ್ಕೊಂಡಿದಾಳೆ, ಎಷ್ಟು ಕೂಗಿದ್ರೂ ಮಾತಿಲ್ಲ."

"ಎಲ್ಲಾ ಕಳ್ಳರ ಅಮ್ಮಂದಿರೂ ಒಳಗೇ ಇರ್ತಾರೆ. ನಡಿ ನಡಿ."

ಮೊದಲು ಕೋಳ, ಆಮೇಲೆ ಮಾತು. ಹಳೇ ಠಾಣೆ ಕಲಿಸಿದ್ದು ಅದನ್ನೇ. ಅವನು ದಾರಿಯುದ್ದಕ್ಕೂ ಗೋಗರೆದ. ಅವಳಿಗೋ ಕಾಲು ನೆಲದ ಮೇಲಿರಲಿಲ್ಲ. ಒಂದು ಕೈಯಲ್ಲಿ ಕಳ್ಳ, ಇನ್ನೊಂದರಲ್ಲಿ ಹಾರೆ, ಎದೆಯುಬ್ಬಿಸಿ ಠಾಣೆಯ ಮೆಟ್ಟಿಲು ಹತ್ತಿದಳು.

ಇನ್ಸ್‌ಪೆಕ್ಟರು ಅವನ ಜೇಬಿನ ಗುರುತಿನ ಚೀಟಿ ತೆಗೆಸಿ, ಅದರಲ್ಲಿದ್ದ ವಿಳಾಸವನ್ನು ಕಾಗದಕ್ಕಿಳಿಸಿ ಅವಳ ಕೈಗಿತ್ತರು. "ಹೋಗಿ ಹೇಳ್ಬಿಟ್ಟು ಬಾಮ್ಮ."

ಬೀದಿ ಅದೇ. ಹಸಿರು ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದ್ದ ಮನೆ ನಂಬರು ಹದಿನೇಳೇ ಕಾಗದದಲ್ಲೂ ಇತ್ತು. ಅಂದರೆ ಅವನು ಹೇಳಿದ್ದು ನಿಜ, ಅಮ್ಮ ಒಳಗೇ ಇದ್ದಾಳೆ.

ಕೋಳ ಬಿಚ್ಚಿದಳು, ಹಾರೆ ಎತ್ತಿಕೊಂಡಳು. ಇಬ್ಬರೂ ಬಿದ್ದಂಬೀಳ ಓಡಿದರು. ಟೋಪಿ ಎಲ್ಲಿ ಬಿತ್ತೋ, ನೋಡಲು ಪುರುಸೊತ್ತಿಲ್ಲ. ಅವನು ಮೀಟಿದ, ಅವಳು ಭುಜ ಕೊಟ್ಟು ಗುದ್ದಿದಳು. ಒಂದು, ಎರಡು, ಮೂರನೆಯದಕ್ಕೆ ಚಿಲಕ ಕಿತ್ತು ಬಂತು.

ಬಚ್ಚಲ ಹೊಸ್ತಿಲಲ್ಲಿ ಮುದುಕಿ ಕಾಲು ಮಡಚಿ ಬಿದ್ದಿದ್ದಳು. ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು, ಆದರೆ ಕಣ್ಣು ತೆರೆದಿತ್ತು. ಬದುಕಿದ್ದಳು. ಪೇದೆಯಮ್ಮನಿಗೆ ಹೋದ ಜೀವ ಬಂದಂತಾಯಿತು.

"ಬಾಗಿಲು ಮೀಟೋ ಸದ್ದು ಕೇಳಿಸ್ತು, ಆಮೇಲೆ ನಿಂತೋಯ್ತು," ಎಂದಳು ಮುದುಕಿ ಪಿಸುದನಿಯಲ್ಲಿ. "ಇಷ್ಟೊತ್ತು ಎಲ್ಲಿಗೆ ಹೋಗಿದ್ಯೋ?"

ಮಗ ಪೇದೆಯಮ್ಮನ ಕಡೆ ತಿರುಗಿದ. ಹೇಳಬೇಕಾದವನು ಅವನಲ್ಲವಲ್ಲ. ಪೇದೆಯಮ್ಮ ಮೊಣಕಾಲೂರಿ ಕೂತಳು. ವರದಿಗಳಲ್ಲಿ ಸಾವಿರ ಸಲ ಬರೆದಿದ್ದ ಮಾತನ್ನು ಇವತ್ತು ಮೊದಲ ಸಲ ಮನೆಯವರ ಮುಂದೆ ಬಾಯಿಬಿಟ್ಟು ಹೇಳಿದಳು.

"ನಾನು ಕರ್ಕೊಂಡು ಹೋಗಿದ್ದೆ ಅಮ್ಮ. ನಿಮ್ಮ ಮಗನ್ನ ಅರೆಸ್ಟ್ ಮಾಡಿದ್ದೆ."

ಮುದುಕಿ ಅವಳ ಮುಖವನ್ನೇ ನೋಡಿದಳು.

"ಸರಿ, ಹೇಳಿದ್ಯಲ್ಲ," ಎಂದು ಕೈ ಚಾಚಿದಳು. "ಈಗ ಎಬ್ಬಿಸು."